ಬೆಲ್ ಹೊಡೆದರೆ ಬೈತಾರೆ, ಹೊಡೆಯದಿದ್ದರೆ ಬೀಳ್ತಾರೆ

ಆ ಹೆಂಗಸು ಬಿದ್ದಿದ್ದು ನನ್ನ ಸೈಕಲ್ ತಾಗಿ ಅಲ್ಲ. ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ತಾಗಲೇ ಇಲ್ಲ, ಮಧ್ಯೆ ಒಂದು ಮೊಳ ಜಾಗ ಇತ್ತು, ಬೇಕಿದ್ದರೆ ಒಂದೂವರೆ ಮೊಳ ಅನ್ನಿ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಕುಕ್ಕರಿನ ಮುಚ್ಚಳ ಹಾಕುತ್ತಾ, "ಸರಿ, ಆದ್ರೆ ಬಿದ್ರಲ್ಲ" ಅಂದಳು. ನನ್ನ ಮೊಳದ ಲೆಕ್ಕ ಅಲ್ಲಿಗೆ ಮುಗಿಯಿತು.

ಬೆಂಗಳೂರಿನ ಅಂಚಿನ ತುರಹಳ್ಳಿ ಕಾಡು, 2019ರ ಡಿಸೆಂಬರಿನ ಒಂದು ಭಾನುವಾರ, ಬೆಳಿಗ್ಗೆ ಏಳರ ಆಸುಪಾಸು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಬಂಡೆಯ ಮೇಲಿಂದ ಇಳಿದು ನೀಲಗಿರಿ ಮರಗಳ ಮಧ್ಯೆ ನುಗ್ಗುವ ದಾರಿ ಅದು. ಎರಡೂ ಕಡೆ ಎದೆಮಟ್ಟದ ಲಂಟಾನ, ಕೆಳಗೆ ಗರಸು, ಗರಸಿನ ಮೇಲೆ ಒಣಗಿದ ನೀಲಗಿರಿ ಎಲೆ. ಸೈಕಲ್‌ನವರಿಗೆ ಇಂಥ ಇಳಿಜಾರು ಅಂದರೆ ಜೀವ. ಹಿಂದಿನ ವಾರವಷ್ಟೇ ನಾನು ಹಿಂದಿನ ಚಕ್ರದ ನಡುವಿನ ಹಬ್ ಬಿಚ್ಚಿ, ಒಳಗೆ ಕೈತುಂಬ ಗ್ರೀಸ್ ಮೆತ್ತಿ, ಮತ್ತೆ ಕೂರಿಸಿದ್ದೆ. ಪೆಡಲ್ ನಿಲ್ಲಿಸಿದ ಕೂಡಲೇ ಟಿಕಟಿಕ ಅನ್ನುತ್ತಿದ್ದ ಫ್ರೀವೀಲು ಈಗ ಬೆಕ್ಕಿನ ಹಾಗೆ ಸುಮ್ಮನಾಗಿತ್ತು. ಆ ಮೌನದ ಬಗ್ಗೆ ನನಗೆ ಎಂಥ ಹೆಮ್ಮೆ ಅಂದರೆ, ಜೊತೆಗೆ ಬರುವ ಹುಡುಗರಿಗೆ ಚಕ್ರ ಎತ್ತಿ ತಿರುಗಿಸಿ ತೋರಿಸಿದ್ದೆ. "ನೋಡ್ರೋ, ಸದ್ದೇ ಇಲ್ಲ!"

ತಿರುವು ಮುಗಿಯುವಾಗ ಆಕೆ ಕಂಡರು. ಅರವತ್ತರ ಸುಮಾರು ವಯಸ್ಸು. ಚೂಡಿದಾರದ ಮೇಲೆ ಕಂದು ಸ್ವೆಟರ್, ಕೈಯಲ್ಲಿ ನೀರಿನ ಬಾಟಲಿ. ಇಪ್ಪತ್ತು ಹೆಜ್ಜೆ ಮುಂದೆ ಮಂಕಿ ಕ್ಯಾಪ್ ಹಾಕಿದ ಅವರ ಯಜಮಾನರು. ನಾನು ಬ್ರೇಕ್ ಹಿಡಿದೆ, ಟೈರು ಗರಸಿನ ಮೇಲೆ ಕರ್ರ್ ಅಂತ ಜಾರಿತು. ಆ ಸದ್ದಿಗೆ ಆಕೆ ತಿರುಗಿದರು, ಬೆಚ್ಚಿದರು, ಒಂದು ಹೆಜ್ಜೆ ಹಿಂದೆ ಇಟ್ಟರು. ಹಿಂದೆ ನೆಲ ಇರಲಿಲ್ಲ, ಲಂಟಾನ ಇತ್ತು. ಅದರೊಳಗೆ ಕೂತುಬಿಟ್ಟರು. ಅಕ್ಷರಶಃ ಕುರ್ಚಿಯಲ್ಲಿ ಕೂರುವ ಹಾಗೆ.

ದೊಡ್ಡ ಪೆಟ್ಟೇನೂ ಆಗಲಿಲ್ಲ. ಮುಂಗೈ ಮೇಲೆ ನಾಲ್ಕು ಗೀರು, ಸ್ವೆಟರಿಗೆ ಸಿಕ್ಕಿಕೊಂಡ ಮುಳ್ಳು. ನಾನು ಸೈಕಲ್ ಕೆಡವಿ ಓಡಿ ಹೋಗಿ ಕೈ ಕೊಟ್ಟೆ. ಯಜಮಾನರು ವಾಪಸ್ ಬಂದು ಜೋರಾಗಿ ಶುರು ಮಾಡಿದರು. ಇದು ರೇಸ್ ಟ್ರ್ಯಾಕಾ, ನಿಮ್ಮಂಥವರಿಂದಲೇ, ಪೊಲೀಸಿಗೆ ಹೇಳ್ತೀನಿ, ಇತ್ಯಾದಿ. ನನಗೆ ಅದು ಅಷ್ಟಾಗಿ ನಾಟಲಿಲ್ಲ. ಬೈಗುಳಕ್ಕೆ ಉತ್ತರ ಸಿಗುತ್ತದೆ. ಆಕೆ ಮಾತ್ರ ಮುಳ್ಳು ಬಿಡಿಸಿಕೊಳ್ಳುತ್ತಾ, ನನ್ನ ಮುಖ ಕೂಡ ನೋಡದೆ, "ಬರ್ತಾ ಇದೀನಿ ಅಂತ ಒಂದು ಮಾತು ಹೇಳೋಕೆ ಏನಪ್ಪ ಕಷ್ಟ ನಿಂಗೆ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅರವತ್ತು ರೂಪಾಯಿಯ ಪರಿಹಾರ

ಮಾರನೇ ದಿನವೇ ಸೈಕಲ್ ಅಂಗಡಿಗೆ ಹೋಗಿ ಬೆಲ್ ತಂದೆ. ಮಕ್ಕಳ ಸೈಕಲ್ಲಿಗೆ ಹಾಕುವಂಥದ್ದು, ಅರವತ್ತು ರೂಪಾಯಿ, ಹೆಬ್ಬೆರಳಲ್ಲಿ ಒತ್ತಿದರೆ ಟ್ರಿಣ್. ಜೊತೆಗಾರರು ನಕ್ಕರು. ಲಕ್ಷದ ಹತ್ತಿರ ಬೆಲೆಯ ಸೈಕಲ್ಲಿಗೆ ಕೆಂಪು ಬೆಲ್ಲಾ ಅಂತ. ನಗಲಿ ಅಂದುಕೊಂಡೆ. ಸಮಸ್ಯೆ ಬಗೆಹರಿಯಿತು ಅನ್ನುವ ಸಮಾಧಾನ ಇತ್ತು.

ಬಗೆಹರಿಯಲಿಲ್ಲ. ಮುಂದಿನ ಭಾನುವಾರ ಇಬ್ಬರು ಮಧ್ಯವಯಸ್ಕರ ಹಿಂದೆ, ಬೇಕಾದಷ್ಟು ದೂರದಿಂದಲೇ, ಬೆಲ್ ಹೊಡೆದೆ. ಒಬ್ಬರು ತಿರುಗಿ ನಿಂತು ದಾರಿಯ ಮಧ್ಯದಿಂದ ಕದಲದೆ, "ಇಲ್ಲೂ ಹಾರ್ನಾ? ಕನಕಪುರ ರೋಡಲ್ಲಿ ಹೊಡೆದಿದ್ದು ಸಾಕಾಗಲಿಲ್ವಾ?" ಅಂದರು. ನಾನು ನಿಂತೆ. ಅವರೂ ನಿಂತರು. ಕೊನೆಗೆ ನಾನೇ ಇಳಿದು ಲಂಟಾನ ಸವರಿಕೊಂಡು ಪಕ್ಕದಿಂದ ಸೈಕಲ್ ತಳ್ಳಿಕೊಂಡು ಹೋದೆ. ಇನ್ನೊಂದು ಸಲ ಏಳೆಂಟು ಜನರ ಗುಂಪು. ಬೆಲ್ ಕೇಳಿದ ಕೂಡಲೇ ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ಹಾರಿದರು. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಮಗು. ಅಮ್ಮ ಆ ಕಡೆಯಿಂದ "ಬಾ" ಅಂದಳು, ನಾನು ಅಷ್ಟರಲ್ಲಿ ಹತ್ತಿರ ಬಂದಿದ್ದೆ, ಮಗು ಓಡಿತು. ಪುಣ್ಯಕ್ಕೆ ನಡಿಗೆಯ ವೇಗದಲ್ಲಿದ್ದೆ.

ಆಮೇಲೆ ಬಾಯಲ್ಲಿ ಹೇಳಿ ನೋಡಿದೆ. ಅಮೆರಿಕದ ವಿಡಿಯೋಗಳಲ್ಲಿ ಸೈಕಲ್‌ನವರು ಹಿಂದಿನಿಂದ "ಆನ್ ಯುವರ್ ಲೆಫ್ಟ್" ಅಂತ ಕೂಗುವುದನ್ನು ನೋಡಿದ್ದೆ. ನಮ್ಮಲ್ಲಿ ಹಿಂದೆ ಹಾಕುವುದು ಬಲಗಡೆಯಿಂದ. ಹಾಗಾಗಿ "ಬಲಗಡೆ!" ಅಂತ ಕೂಗಿದೆ. ಮುಂದಿದ್ದ ಅಂಕಲ್ ಬಹಳ ಸೌಜನ್ಯದಿಂದ ಬಲಗಡೆಗೆ ಸರಿದರು. ನಾನು ಬರುತ್ತಿದ್ದದ್ದೂ ಅಲ್ಲಿಗೇ. "ಬಲಗಡೆ" ಅಂದರೆ ನಾನು ಬಲಗಡೆ ಬರ್ತೀನಿ ಅಂತಲೋ, ನೀವು ಬಲಗಡೆ ಹೋಗಿ ಅಂತಲೋ? ಯೋಚಿಸಿದರೆ ಅಂಕಲ್ ಮಾಡಿದ್ದೇ ಸರಿ. "ರೈಟ್" ಅಂದು ನೋಡೋಣ ಅಂದರೆ ಅದಕ್ಕೆ ಬಿಎಂಟಿಸಿ ಕಂಡಕ್ಟರುಗಳು ಬೇರೆಯೇ ಅರ್ಥ ಕೊಟ್ಟುಬಿಟ್ಟಿದ್ದಾರೆ. ರೈಟ್ ರೈಟ್ ಅಂದರೆ ಹೊರಡಿ ಅಂತ. ಒಬ್ಬ ಹುಡುಗ ನಿಜವಾಗಲೂ ನಡಿಗೆ ಜೋರು ಮಾಡಿದ.

ನನ್ನ ತೊಡಕು ಎಲ್ಲಿದೆ ಅಂತ ಆ ಕನಕಪುರ ರೋಡಿನ ಮಾತು ಕೇಳಿದಾಗಲೇ ಹೊಳೆಯಬೇಕಿತ್ತು. ಈ ಊರಲ್ಲಿ ಹಿಂದಿನಿಂದ ಬರುವ ಸದ್ದಿಗೆ ಇರುವುದು ಒಂದೇ ಅರ್ಥ. "ಪಕ್ಕಕ್ಕೆ ಸರಿ." ಹಾರ್ನ್ ಇರಲಿ, ಬೆಲ್ ಇರಲಿ, ವಾಟರ್ ಟ್ಯಾಂಕರಿನ ಗುಟುರು ಇರಲಿ, ಎಲ್ಲವೂ ಅಪ್ಪಣೆ. ವಾರಕ್ಕೆ ಆರು ದಿನ ಅದನ್ನು ಕೇಳಿ ಕೇಳಿ, ಏಳನೇ ದಿನ ಒಂದು ಗಂಟೆ ಮರದ ಕೆಳಗೆ ನಡೆಯಲು ಬಂದವರ ಬೆನ್ನಿಗೆ ನಾನು ಟ್ರಿಣ್ ಅಂದರೆ, ಅದು ಎಷ್ಟೇ ಮೆಲ್ಲಗಿರಲಿ, ಅವರ ಕಿವಿಗೆ ಬೀಳುವುದು ಟ್ಯಾಂಕರೇ.

ಸಂಕದ ನ್ಯಾಯ

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ, ಹಳ್ಳಕ್ಕೆ ಒಂದು ಸಂಕ. ಎರಡು ಅಡಿಕೆ ಮರದ ಕಾಂಡ, ಮಧ್ಯೆ ಸೀಳಿದ ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರು. ಮಳೆಗಾಲದಲ್ಲಿ ಅದರ ಮೇಲೆ ಪಾಚಿ. ಒಂದು ಸಲಕ್ಕೆ ಒಬ್ಬರು. ಎರಡೂ ಕಡೆಯಿಂದ ಜನ ಬಂದರೆ ಯಾರು ಮೊದಲು ದಾಟಬೇಕು ಅನ್ನುವುದನ್ನು ಯಾರೂ ಬೋರ್ಡ್ ಬರೆದು ಹಾಕಿರಲಿಲ್ಲ, ಆದರೆ ಐದು ವರ್ಷದ ಮಗುವಿಗೂ ಗೊತ್ತಿತ್ತು. ತಲೆ ಮೇಲೆ ಹೊರೆ ಇದ್ದವರು ಮೊದಲು. ಸೊಪ್ಪಿನ ಹೊರೆ ಹೊತ್ತ ಹೆಣ್ಣಾಳು ಆ ತುದಿಯಲ್ಲಿ ಕಂಡರೆ ಸಂಕದ ಮಧ್ಯದವರೆಗೆ ಬಂದಿದ್ದವರೂ ಹಿಂದಕ್ಕೆ ಹೋಗುತ್ತಿದ್ದರು. ನಾನು ಚಿಕ್ಕವನಿದ್ದಾಗ ಒಮ್ಮೆ ಕೋಲು ಆಡಿಸುತ್ತಾ ಸಂಕದ ಮೇಲೆ ಸುಮ್ನೆ ನಿಂತಿದ್ದೆ. ಅಪ್ಪಯ್ಯ ಹಿಂದಿನಿಂದ ಅಂಗಿ ಹಿಡಿದು ಎಳೆದರು. "ಹೊರೆ ಬಂತು, ಸರ್ಕೋ ಮಾರಾಯ." ಅಪ್ಪಯ್ಯ ಊರಿನ ಲೆಕ್ಕದಲ್ಲಿ ಜಮೀನಿದ್ದವರು. ಆ ಹೆಂಗಸು ನಮ್ಮ ತೋಟದ ಕೆಲಸಕ್ಕೇ ಬರುತ್ತಿದ್ದವರು. ಬೇರೆ ಎಲ್ಲ ಕಡೆ ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವುದಕ್ಕೆ ಊರಲ್ಲಿ ಬೇರೆ ಲೆಕ್ಕಗಳಿದ್ದವು, ಅವು ಚೆಂದದ ಲೆಕ್ಕಗಳೇನಲ್ಲ, ಅದನ್ನು ಮುಚ್ಚಿಡುವುದಿಲ್ಲ. ಸಂಕದ ಮೇಲೆ ಮಾತ್ರ ಅವು ನಡೆಯುತ್ತಿರಲಿಲ್ಲ. ಅಲ್ಲಿ ಲೆಕ್ಕ ಒಂದೇ: ಯಾರಿಗೆ ನಿಲ್ಲುವುದು, ತಿರುಗುವುದು ಕಷ್ಟವೋ ಅವರು ಮೊದಲು.

ಅಪ್ಪಯ್ಯನ ಹತ್ತಿರ ಒಂದು ಕಪ್ಪು ಸೈಕಲ್ ಇತ್ತು. ಪೇಟೆಗೆ ಹೋಗುವಾಗ ಅದನ್ನು ಹೆಗಲಿಗೆ ಏರಿಸಿ ಸಂಕ ದಾಟುತ್ತಿದ್ದರು. ಆಗ ಎದುರಿನವರು ನಿಂತು ದಾರಿ ಬಿಡುತ್ತಿದ್ದರು, ಯಾಕಂದರೆ ಆಗ ಸೈಕಲ್ಲೇ ಹೊರೆ. ಆಚೆ ದಡದಲ್ಲಿ ಇಳಿಸಿ ಹತ್ತಿದ ಮೇಲೆ ಆ ಮರ್ಯಾದೆ ಮುಗಿಯಿತು. ಕಾಲುದಾರಿಯಲ್ಲಿ ಯಾರಾದರೂ ಎದುರಾದರೆ ಇಳಿಯಬೇಕಾದವರು ಅಪ್ಪಯ್ಯನೇ. ಹೊತ್ತವನಿಗೆ ದಾರಿ, ಕೂತವನಿಗೆ ಇಲ್ಲ. ಸೈಕಲ್ಲಿಗೆ ದೊಡ್ಡ ಬೆಲ್ ಇತ್ತು, ಕಾಲುದಾರಿಯಲ್ಲಿ ಅದನ್ನು ಹೊಡೆದದ್ದು ನಾನು ಕೇಳಿಲ್ಲ. ಕೆಮ್ಮುತ್ತಿದ್ದರು. ಇಲ್ಲವೇ ಯಕ್ಷಗಾನದ ಪದದ ಒಂದು ತುಂಡನ್ನು ಗುನುಗುತ್ತಿದ್ದರು, ಶ್ರುತಿ ಗಿತಿ ಏನಿಲ್ಲ. ಕತ್ತಲಾದ ಮೇಲೆ ದಾರಿಯಲ್ಲಿ ಬರುವ ಯಾರೇ ಆದರೂ ಹಾಗೆ ಏನಾದರೊಂದು ಸದ್ದು ಮಾಡಿಕೊಂಡೇ ಬರುವುದು. ಸದ್ದಿಲ್ಲದೆ ಬರುವವರು ಇಬ್ಬರೇ, ಕಳ್ಳ ಮತ್ತು ಹುಲಿ ಅನ್ನುತ್ತಿದ್ದಳು ನನ್ನ ಅಜ್ಜಿ. ನಾನು ಹಬ್‌ಗೆ ಗ್ರೀಸ್ ಮೆತ್ತಿ ಸಂಪಾದಿಸಿದ್ದು ಆ ಮೌನವನ್ನು.

ಗ್ರೀಸಿನ ಇನ್ನೊಂದು ಕತೆ

ಮೌಂಟನ್ ಬೈಕಿಂಗ್, ಅಂದರೆ ನಮ್ಮ ಈ ಕಾಡುಗುಡ್ಡದ ಸೈಕಲ್ ಸವಾರಿ, ಹುಟ್ಟಿದ ಕತೆಯಲ್ಲೂ ಗ್ರೀಸ್ ಬರುತ್ತದೆ ಅನ್ನುವುದು ನನಗೆ ಆಮೇಲೆ ಗೊತ್ತಾಗಿದ್ದು. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಮರಿನ್ ಕೌಂಟಿ. ಅಲ್ಲಿ ಫೇರ್‌ಫ್ಯಾಕ್ಸ್ ಅನ್ನುವ ಊರಿನ ಪಕ್ಕದ ಬೆಟ್ಟದಲ್ಲಿ ಬೆಂಕಿ ಆರಿಸುವ ಗಾಡಿಗಳಿಗೆ ಅಂತ ಕಡಿದ ಮಣ್ಣುದಾರಿ. 1976ರ ಅಕ್ಟೋಬರಿನಲ್ಲಿ ಒಂದಿಷ್ಟು ಉಡಾಳ ಹುಡುಗರು ಹಳೇ ದಪ್ಪ ಟೈರಿನ ಸೈಕಲ್ಲುಗಳನ್ನು ಹಿಡಿದು ಅದರ ಮೇಲಿಂದ ರೇಸ್ ಇಳಿದರು. ಮೂರು ಚಿಲ್ಲರೆ ಕಿಲೋಮೀಟರಿಗೆ ನಾನೂರು ಮೀಟರ್ ಇಳಿಜಾರು. ಆ ಸೈಕಲ್ಲುಗಳಿಗೆ ಇದ್ದದ್ದು ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು, ರೀಪ್ಯಾಕ್ ಮಾಡಬೇಕು. ಅದಕ್ಕೇ ಆ ದಾರಿಯ ಹೆಸರು ರೀಪ್ಯಾಕ್. ಗ್ಯಾರಿ ಫಿಷರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ, ಆಮೇಲೆ ದೊಡ್ಡ ಹೆಸರಾದವರೆಲ್ಲ ಅಲ್ಲಿ ಧೂಳು ಕುಡಿದವರು.

ತಮಾಷೆ ಅಂದರೆ ಆಮೇಲಿನದು. ಮೌಂಟನ್ ಬೈಕ್ ಹುಟ್ಟಿದ ಅದೇ ಮರಿನ್‌ನಲ್ಲಿ, ಅಲ್ಲಿನ ಟ್ಯಾಮಲ್ಪೈಸ್ ಬೆಟ್ಟದ ಸುತ್ತ, ಕಿರಿದಾದ ಕಾಡುದಾರಿಗಳಲ್ಲಿ ಬಹುಪಾಲು ಸೈಕಲ್ಲಿಗೆ ಮುಚ್ಚಿಹೋದವು. ನಡೆಯುವವರು, ಕುದುರೆಯವರು ಒಂದು ಕಡೆ, ಸೈಕಲ್‌ನವರು ಒಂದು ಕಡೆ, ನಾಲ್ಕು ದಶಕದ ಜಗಳ. ಅಗಲ ದಾರಿಗಳಲ್ಲಿ ಗಂಟೆಗೆ 15 ಮೈಲಿ ಮಿತಿ, ತಿರುವಿನಲ್ಲಿ ಮತ್ತು ಜನರನ್ನು ದಾಟುವಾಗ 5 ಮೈಲಿ. ರೇಂಜರುಗಳು ರಾಡಾರ್ ಗನ್ ಹಿಡಿದು ಪೊದೆಯ ಪಕ್ಕ ಕಾಯುತ್ತಾರೆ ಅಂದರೆ ನಂಬಬೇಕು. ನಮ್ಮ ಏರ್‌ಪೋರ್ಟ್ ರೋಡಿನ ಹಾಗೆ.

ಅದನ್ನು ಓದಿ ಮೊದಲು ನಕ್ಕೆ. ಆಮೇಲೆ ಒಂದು ಹಾಳೆ ತಗೊಂಡು ಲೆಕ್ಕ ಹಾಕಿದೆ. 15 ಮೈಲಿ ಅಂದರೆ 24 ಕಿಲೋಮೀಟರ್. ಒಂದು ಸೆಕೆಂಡಿಗೆ ಆರೂವರೆ ಮೀಟರಿಗಿಂತ ಜಾಸ್ತಿ. ಎದುರಿಗೆ ಯಾರೋ ಇದ್ದಾರೆ ಅಂತ ಕಣ್ಣು ಹೇಳಿ, ತಲೆ ಒಪ್ಪಿ, ಬೆರಳು ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು. ಆರೂವರೆ ಮೀಟರ್ ಅಲ್ಲೇ ಮುಗಿಯಿತು. ಗರಸಿನ ಮೇಲೆ ನಿಲ್ಲಲು ಇನ್ನೂ ಹೆಚ್ಚುಕಡಿಮೆ ಅಷ್ಟೇ ಬೇಕು. ಒಟ್ಟು ಹದಿಮೂರು. ತುರಹಳ್ಳಿಯ ಆ ತಿರುವಿಗೆ ಹೋಗಿ ಹೆಜ್ಜೆ ಹಾಕಿ ಅಳೆದೆ. ಲಂಟಾನ ದಾಟಿ ಕಣ್ಣಿಗೆ ಕಾಣುವುದು ಎಂಟು ಹೆಜ್ಜೆ, ಐದಾರು ಮೀಟರ್. ಅಂದರೆ ಆ ಹೆಂಗಸು ನನಗೆ ಕಂಡಾಗಲೇ ತಡವಾಗಿತ್ತು. ನನ್ನ ಕೈಚಳಕದಿಂದ ಮೊಳ ದೂರ ಉಳಿಯಿತು ಅಂದುಕೊಂಡಿದ್ದೆ. ಅದು ಬರೀ ಆಕೆಯ ಅದೃಷ್ಟ. 5 ಮೈಲಿ ಅಂದರೆ 8 ಕಿಲೋಮೀಟರ್. ಆ ವೇಗದಲ್ಲಾದರೆ ಮೂರು ಮೀಟರಿನಲ್ಲಿ ನಿಂತುಬಿಡಬಹುದು, ಎರಡು ಸೈಕಲ್ಲಿನ ಉದ್ದವೂ ಬೇಡ. ರಾಡಾರಿನವರು ಸುಮ್ನೆ ಬರೆದದ್ದಲ್ಲ.

ಇಂಗ್ಲೆಂಡಿನವರು ಇನ್ನೂ ಮುಂಚೆಯೇ ಬರೆದಿಟ್ಟಿದ್ದಾರೆ. ಅಲ್ಲಿ ಕಾಲುದಾರಿ ಬೇರೆ, ಕುದುರೆದಾರಿ ಬೇರೆ. 1968ರ ಕಾನೂನು ಕುದುರೆದಾರಿಗಳಲ್ಲಿ ಸೈಕಲ್ಲಿಗೆ ಅವಕಾಶ ಕೊಟ್ಟಿತು, ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು ಅನ್ನುವ ಷರತ್ತಿನ ಮೇಲೆ. ರೀಪ್ಯಾಕಿನ ಹುಡುಗರು ಬೆಟ್ಟ ಇಳಿಯುವುದಕ್ಕೆ ಎಂಟು ವರ್ಷ ಮುಂಚೆ. ಜರ್ಮನಿಯ ಬಾಡೆನ್-ವುರ್ಟೆಂಬೆರ್ಗ್‌ನಲ್ಲಿ ಕಾಡಿನ ದಾರಿ 2 ಮೀಟರಿಗಿಂತ ಕಿರಿದಾಗಿದ್ದರೆ ಸೈಕಲ್ಲೇ ಇಲ್ಲ. ನೆವಾಡಾದ ಟಾಹೋ ಸರೋವರದ ಮೇಲಿನ ಒಂದು ದಾರಿಯಲ್ಲಿ ಸರಿಸಂಖ್ಯೆಯ ತಾರೀಖಿನಂದು ಮಾತ್ರ ಸೈಕಲ್ ಬಿಡುತ್ತಾರೆ. ಇದು ನನಗೆ ಇಷ್ಟವಾಯಿತು. ನಡೆಯುವವರಿಗೆ ಶಾಂತಿ ಬೇಕಿದ್ದರೆ ಬೆಸ ತಾರೀಖಿಗೆ ಹೋದರಾಯಿತು. ತುರಹಳ್ಳಿಗೆ ಇದನ್ನು ತಂದರೆ ಹೇಗಿರುತ್ತೆ ಅಂತ ಜೊತೆಗಾರರಿಗೆ ಕೇಳಿದೆ. "ಭಾನುವಾರ ಬೆಸ ತಾರೀಖು ಬಂದ್ರೆ?" ಅಂದ ಒಬ್ಬ. ಚರ್ಚೆ ಅಲ್ಲಿಗೇ ಬಿತ್ತು.

ಓಡುವವರು ಬೇರೆ ಜಾತಿ

ನಡೆಯುವವರ ಬಗ್ಗೆಯೇ ಹೇಳುತ್ತಾ ಬಂದೆ. ಓಡುವವರ ವಿಷಯ ಬೇರೆ. ನಡೆಯುವವರು ನಿಲ್ಲಬಲ್ಲರು, ನಿಂತು ಬೈಯಬಲ್ಲರು. ಓಡುವವರಿಗೆ ನಿಲ್ಲುವುದೇ ನಷ್ಟ. ಕೈಯಲ್ಲಿ ಗಡಿಯಾರ, ಕಿವಿಯಲ್ಲಿ ಇಯರ್‌ಫೋನ್, ಉಸಿರಿಗೊಂದು ಲಯ. ಬೆಲ್ ಕೇಳುವುದಿಲ್ಲ, ಕೂಗು ಕೇಳುವುದಿಲ್ಲ. ಎದುರಿನಿಂದ ಬಂದರೆ ಮಾತ್ರ ಅವರು ಮರದ ಬೇರಿನ ಮೇಲೆ ಎಲ್ಲಿ ಕಾಲಿಡುತ್ತಾರೆ, ಯಾವ ಕಡೆ ವಾಲುತ್ತಾರೆ ಅಂತ ನೋಡಿ ಊಹಿಸಬಹುದು. ಹಾಗಂತ ದೂರಲು ನನಗೆ ಮುಖವಿಲ್ಲ. ಯಾಕಂದರೆ ದೇವಸ್ಥಾನದ ಕಡೆಯ ಏರಿನಲ್ಲಿ ಅವರು ನನ್ನನ್ನು ಹಿಂದೆ ಹಾಕುತ್ತಾರೆ. ನಾನು ಅತಿ ಸಣ್ಣ ಗೇರಿನಲ್ಲಿ ಮೂಗು ಹ್ಯಾಂಡಲಿಗೆ ತಾಗಿಸಿಕೊಂಡು ಏದುಸಿರು ಬಿಡುತ್ತಿರುವಾಗ, ಹಿಂದಿನಿಂದ ಯಾವ ಸದ್ದೂ ಇಲ್ಲದೆ ಒಬ್ಬ ತೆಳ್ಳಗಿನ ಹುಡುಗಿ ಮೊಣಕೈ ಸವರಿಕೊಂಡು ದಾಟಿ ಹೋಗುತ್ತಾಳೆ. ಮೊದಲ ಸಲ ಹಾಗಾದಾಗ ಬೆಚ್ಚಿ ಬ್ಯಾಲೆನ್ಸ್ ತಪ್ಪಿ ಕಾಲೂರಿದೆ. "ಸಾರಿ ಅಂಕಲ್" ಅಂದಳು ತಿರುಗಿ ನೋಡದೆ. ನನಗಾಗ ಮೂವತ್ತೇಳು. ಬೆಚ್ಚಿದ್ದಕ್ಕಿಂತ ಅಂಕಲ್ ಅಂದದ್ದು ಜಾಸ್ತಿ ನೋಯಿತು.

ದಾರಿ ಹಾಳು ಮಾಡುವವರು ಯಾರು ಅನ್ನುವುದು ಇನ್ನೊಂದು ಜಗಳ. ಸೈಕಲ್ಲುಗಳಿಂದ ಕೊರಕಲು ಬೀಳುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಒದ್ದೆ ಮಣ್ಣಿನಲ್ಲಿ ಬ್ರೇಕ್ ಹಿಡಿದು ಜಾರಿಸಿದರೆ ಖಂಡಿತ ಬೀಳುತ್ತದೆ, ಮುಂದಿನ ಮಳೆಗೆ ಅದೇ ಕಾಲುವೆ ಆಗುತ್ತದೆ. ಮಳೆಯ ಮಾರನೇ ದಿನ ಹೋಗುವ ಸೈಕಲ್‌ನವರನ್ನು ನಾನೇ ಬೈಯುತ್ತೇನೆ. ಆದರೆ ಮೊಂಟಾನಾದಲ್ಲಿ ಹೋಲಿಸಿ ನೋಡಿ 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ನೆನೆದ ದಾರಿಯಲ್ಲಿ ಜಾಸ್ತಿ ಮಣ್ಣು ಸಡಿಲಿಸಿದ್ದು ಕುದುರೆಯ ಗೊರಸು ಮತ್ತು ಮನುಷ್ಯನ ಕಾಲು, ಚಕ್ರ ಅಲ್ಲ. ಕೆಸರು ಕಂಡಲ್ಲೆಲ್ಲ ಶೂ ಉಳಿಸಿಕೊಳ್ಳಲು ಪಕ್ಕದಲ್ಲಿ ಹೊಸ ದಾರಿ ಮಾಡಿ, ಒಂದು ಅಡಿಯ ದಾರಿಯನ್ನು ಎಂಟು ಅಡಿ ಮಾಡುವವರು ಯಾರು ಅಂತ ತುರಹಳ್ಳಿಯಲ್ಲಿ ನೋಡಿದವರಿಗೆ ಗೊತ್ತು. ಈ ವಾದದಲ್ಲಿ ನಾನು ಗೆಲ್ಲುತ್ತೇನೆ. ಗೆದ್ದು ಏನೂ ಸಿಗುವುದಿಲ್ಲ ಅನ್ನುವುದು ಬೇರೆ ಮಾತು. ಲಂಟಾನದಲ್ಲಿ ಕೂತವರಿಗೆ ಮೊಂಟಾನಾದ ಮಣ್ಣಿನ ಲೆಕ್ಕ ಹೇಳಿದರೆ ಏನು ಪ್ರಯೋಜನ?

ಒಂದು ಫೆಬ್ರವರಿ

2021ರ ಫೆಬ್ರವರಿಯಲ್ಲಿ ತುರಹಳ್ಳಿ ಕಾಡನ್ನು ಟ್ರೀ ಪಾರ್ಕ್, ಅಂದರೆ ಮರಗಳ ಉದ್ಯಾನ, ಮಾಡುವ ಯೋಜನೆಯ ವಿರುದ್ಧ ಜನ ಸೇರಿದರು. ಆರುನೂರು ಎಕರೆಯ ಆಸುಪಾಸಿನ ಕಾಡು, ಸುತ್ತ ಎದ್ದ ಅಪಾರ್ಟ್‌ಮೆಂಟುಗಳ ಮಧ್ಯೆ ಉಳಿದದ್ದು. ಆ ಗುಂಪಿನಲ್ಲಿ ನಡೆಯುವವರು, ಓಡುವವರು, ಬಂಡೆ ಹತ್ತುವವರು, ಹಕ್ಕಿ ನೋಡುವವರು, ಸೈಕಲ್‌ನವರು ಎಲ್ಲ ಇದ್ದರು. ಪ್ರತಿ ಭಾನುವಾರ ಒಬ್ಬರಿಗೊಬ್ಬರು ಮುಖ ಸಿಂಡರಿಸುತ್ತಿದ್ದವರೆಲ್ಲ ಅವತ್ತು ಮಾಸ್ಕ್ ಹಾಕಿಕೊಂಡು ಒಂದೇ ಸಾಲಿನಲ್ಲಿ. ಮಾಸ್ಕ್ ಇದ್ದದ್ದು ಅನುಕೂಲವೇ ಆಯಿತು.

ಆದರೂ ಮಂಕಿ ಕ್ಯಾಪ್ ಮರೆಯುವಂಥದ್ದಲ್ಲ. ಪಕ್ಕದಲ್ಲಿ ಅದೇ ಕಂದು ಸ್ವೆಟರ್. ನಾನು ಸೈಕಲ್ಲನ್ನು ಇನ್ನೊಬ್ಬರ ಹಿಂದೆ ಮರೆಮಾಡುವಷ್ಟರಲ್ಲಿ ಆಕೆ ಬೆಲ್ ನೋಡಿದರು. "ಹಾಕಿಸ್ದ್ಯಾ?" ಅಂದರು. ಹೂಂ ಅಂದೆ. "ಪ್ರಯೋಜನ ಇಲ್ಲ ಆಂಟಿ, ಹೊಡೆದ್ರೆ ಬೈತಾರೆ." ಆಕೆ ನಕ್ಕರು. ಹತ್ತಿರದಲ್ಲಿದ್ದ ಒಬ್ಬರು ಮಧ್ಯೆ ಬಾಯಿ ಹಾಕಿ, ಪಾರ್ಕ್ ಬಂದರೂ ಬರದಿದ್ದರೂ ಮೊದಲು ಈ ಸೈಕಲ್‌ನವರನ್ನ ಹೊರಗೆ ಹಾಕಬೇಕು ಅಂದರು. ಸೈಕಲ್ ಗುಂಪಿನ ಹುಡುಗನೊಬ್ಬ ಬಿಚ್ಚಿಬಿಟ್ಟ ನಾಯಿಗಳ ಮಾತೆತ್ತಿದ. ಇನ್ನೊಬ್ಬರು ಪ್ಲಾಸ್ಟಿಕ್ ಬಾಟಲಿ ಎಸೆಯುವವರ ಮಾತು. ಆಕೆ ಕೈ ಎತ್ತಿ, "ಮೊದಲು ಕಾಡು ಉಳೀಲಿ. ಆಮೇಲೆ ಒಳಗೆ ಹೋಗಿ ಜಗಳ ಆಡೋಣ" ಅಂದರು. ಎಲ್ಲರೂ ಒಪ್ಪಿದರು. ಕೊಟ್ಟ ಮಾತಿನಂತೆ ಮಾರ್ಚಿನಲ್ಲಿ ಎಲ್ಲರೂ ಒಳಗೆ ಹೋಗಿ ಜಗಳ ಆಡಿದೆವು.

ಎರಡು ತಿಂಗಳು ನಡೆದದ್ದು

ಆ ವರ್ಷ ಮಳೆಗಾಲದಲ್ಲಿ ನನ್ನ ಕಾಲರ್ ಮೂಳೆ ಮುರಿಯಿತು. ಬೆಟ್ಟದಲ್ಲಲ್ಲ, ಬಚ್ಚಲಿನಲ್ಲಿ. ಇದನ್ನು ಜಾಸ್ತಿ ವಿವರಿಸುವುದಿಲ್ಲ. ಎರಡು ತಿಂಗಳು ಸೈಕಲ್ ಇಲ್ಲ, ಕೈ ಜೋಳಿಗೆಯಲ್ಲಿ, ನಡಿಗೆ ಮಾತ್ರ. ಅದೇ ದಾರಿಗೆ ಅದೇ ಹೊತ್ತಿಗೆ ಹೋದೆ. ಕಾಲಲ್ಲಿ ಹೋದರೆ ಆ ಕಾಡು ಬೇರೆಯೇ. ನವಿಲು ಎಷ್ಟು ಹತ್ತಿರದಲ್ಲಿ ಇರುತ್ತವೆ ಅಂತ ಆರು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ.

ಆದರೆ ಕಿವಿ ಎಷ್ಟು ಮೋಸ ಮಾಡುತ್ತದೆ ಅನ್ನುವುದು ಆಗ ತಿಳಿಯಿತು. ಹಿಂದಿನಿಂದ ಗರಸಿನ ಸದ್ದು ಬರುತ್ತದೆ, ಅದು ಗಾಳಿಯಾ, ಒಣಗಿದ ಎಲೆಯಾ, ಟೈರಾ ಅಂತ ತಿಳಿಯುವಷ್ಟರಲ್ಲಿ ಪಕ್ಕದಲ್ಲೇ ಇರುತ್ತದೆ. ಎಡವೋ ಬಲವೋ ಹೊಳೆಯುವುದಿಲ್ಲ. ಮುರಿದ ಮೂಳೆ ಇದ್ದವನಿಗೆ ಮೈಯೆಲ್ಲ ಕಿವಿ. ಒಂದು ದಿನ ಹಿಂದಿನಿಂದ ಬೆಲ್ ಕೇಳಿತು, ಮರ್ಯಾದೆಯ ಬೆಲ್, ದೂರದಿಂದ. ನಾನು ಪಕ್ಕಕ್ಕೆ ಸರಿದು ನಿಂತೆ. ಹುಡುಗ ಮೆಲ್ಲಗೆ ದಾಟಿ, ಥ್ಯಾಂಕ್ಸ್ ಅಂದು ಹೋದ. ಎಷ್ಟು ಒಳ್ಳೆಯ ಹುಡುಗ ಅಂದುಕೊಂಡು ಮತ್ತೆ ದಾರಿಯ ಮಧ್ಯಕ್ಕೆ ಕಾಲಿಟ್ಟೆ. ಅವನ ಹಿಂದೆ ಎರಡನೆಯವನು ಬರುತ್ತಿದ್ದ. ನನ್ನ ಜೋಳಿಗೆಯ ಕೈಗೂ ಅವನ ಹ್ಯಾಂಡಲಿಗೂ ಮಧ್ಯೆ ಒಂದು ಮೊಳ ಇತ್ತು. ಬೇಕಿದ್ದರೆ ಒಂದೂವರೆ ಅನ್ನಿ.

ಮೈ ನಡುಗುತ್ತಾ ಬಂಡೆಯ ಮೇಲೆ ಕೂತಿದ್ದೆ. ಮೂರನೆಯವನು ಬಂದ. ಅವನೂ ಪಾಪ, ನಿಧಾನವಾಗಿಯೇ ಇದ್ದ. ಯಾರ ತಪ್ಪೂ ಇರಲಿಲ್ಲ. ಮೊದಲನೆಯವನು "ಹಿಂದೆ ಇನ್ನಿಬ್ಬರಿದ್ದಾರೆ" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಾಗೆ ಅಂದುಕೊಂಡ ಕೂಡಲೇ ಆಕೆಯ ಮಾತು ನೆನಪಾಯಿತು. ಒಂದು ಮಾತು ಹೇಳೋಕೆ ಏನಪ್ಪ ಕಷ್ಟ ನಿಂಗೆ.

ಗಂಟೆ

ಅಮೆರಿಕದ ಫ್ರೀಮಾಂಟ್‌ನಲ್ಲಿರುವ ನಮ್ಮ ಭಾವ ಮರುವರ್ಷ ಊರಿಗೆ ಬಂದಾಗ ಒಂದು ಪುಟ್ಟ ಗಂಟೆ ತಂದುಕೊಟ್ಟರು. ಅಲ್ಲಿನ ಸೈಕಲ್‌ನವರು ಹ್ಯಾಂಡಲಿಗೆ ತೂಗುಹಾಕುತ್ತಾರಂತೆ. ಒತ್ತುವುದು, ಬಡಿಯುವುದು ಏನಿಲ್ಲ. ಸೈಕಲ್ ಕುಲುಕಿದರೆ ತಾನಾಗಿ ಕಿಣಿಕಿಣಿ ಅನ್ನುತ್ತದೆ. ಜೋರಾಗಿ ಹೋದರೆ ಜೋರಾಗಿ, ಮೆಲ್ಲಗೆ ಹೋದರೆ ಮೆಲ್ಲಗೆ. ರೋಡಿಗೆ ಬಂದಾಗ ಬಾಯಿ ಮುಚ್ಚಿಸಲು ಒಂದು ಆಯಸ್ಕಾಂತ. ಮೊದಲ ದಿನ ತುರಹಳ್ಳಿಯಲ್ಲಿ ಅದನ್ನು ಕಟ್ಟಿಕೊಂಡು ಇಳಿದಾಗ ನಾನು ಗಮನಿಸಿದ್ದು ಒಂದೇ. ಯಾರೂ ಹಾರಲಿಲ್ಲ. ಇಪ್ಪತ್ತು ಮೂವತ್ತು ಮೀಟರ್ ದೂರ ಇರುವಾಗಲೇ ಕುತ್ತಿಗೆ ತಿರುಗಿಸಿ ನೋಡಿದರು, ಮಾತು ಮುಂದುವರಿಸಿದರು, ತಮಗೆ ಬೇಕಾದಾಗ ಸರಿದರು. ಸದ್ದು ಅವರನ್ನು ನೋಡಿ ಶುರುವಾದದ್ದಲ್ಲ. ಮುಂಚಿನಿಂದಲೂ ಬರುತ್ತಲೇ ಇತ್ತು. ಹಾಗಾಗಿ ಅದರಲ್ಲಿ ಅಪ್ಪಣೆ ಇರಲಿಲ್ಲ ಅಂತ ಕಾಣುತ್ತೆ. ಅಪ್ಪಯ್ಯನ ಯಕ್ಷಗಾನದ ಪದದ ಹಾಗೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದವರಿಗೆ ಈಗಲೂ ಏನೂ ಕೇಳುವುದಿಲ್ಲ, ಅವರ ಹಿಂದೆ ನಡಿಗೆಯ ವೇಗದಲ್ಲಿ ಹೋಗುವುದೇ ದಾರಿ. ಎಲ್ಲರಿಗೂ ಹಿಡಿಸಿದೆ ಅಂತಲೂ ಅಲ್ಲ. ಹಕ್ಕಿ ನೋಡುವ ಒಬ್ಬರು ಕ್ಯಾಮೆರಾ ಇಳಿಸಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಭಾನುವಾರದ ಇಳಿಜಾರನ್ನು ನಾನು ಬಿಟ್ಟುಬಿಟ್ಟೆ. ಆರುನೂರು ಎಕರೆಯಲ್ಲಿ ಅಷ್ಟು ಜನರ ಮಧ್ಯೆ ವೇಗ ಹುಡುಕುವುದು ನನ್ನ ವಯಸ್ಸಿಗಾದರೂ ಸರಿಕಾಣಲಿಲ್ಲ. ಈಗ ವೇಗ ಬೇಕಿದ್ದರೆ ಮಾಗಡಿ ರಸ್ತೆ ಹಿಡಿದು ಮಂಚನಬೆಲೆಯ ಕಡೆಗೆ ಹೋಗುತ್ತೇವೆ.

ಹೋದ ತಿಂಗಳು ಅಲ್ಲೇ. ಹೊಲದ ಅಂಚಿನಿಂದ ಹಿನ್ನೀರಿನ ಕಡೆಗೆ ಇಳಿಯುವ ದಾರಿ, ಎದುರಿಗೆ ಮೂವತ್ತು ನಲವತ್ತು ಮೇಕೆಗಳು. ನಾನು ಮುಂದೆ, ಜೊತೆಗಾರರು ಹಿಂದೆ ಬಿದ್ದಿದ್ದರು. ನನ್ನ ಗಂಟೆ ಕಿಣಿಕಿಣಿ ಅಂದದ್ದಕ್ಕೆ ಮೇಕೆಗಳೆಲ್ಲ ಒಟ್ಟಿಗೆ ತಲೆ ಎತ್ತಿ ನೋಡಿದವು. ಅವುಗಳಲ್ಲಿ ನಾಲ್ಕೈದರ ಕೊರಳಲ್ಲೂ ಗಂಟೆ ಇತ್ತು, ಸದ್ದು ಹೆಚ್ಚುಕಡಿಮೆ ಅದೇ. ಒಂದು ದೊಡ್ಡ ಹೋತ ಹತ್ತಿರ ಬಂದು ನನ್ನ ಮುಂದಿನ ಚಕ್ರ ಮೂಸಿತು. ನಾನು ಇಳಿದು ಸೈಕಲ್ ಹಿಡಿದುಕೊಂಡು ಬೇಲಿಗೆ ಒರಗಿ ನಿಂತೆ. ಹಿಂದಿನಿಂದ ಹೆಗಲ ಮೇಲೆ ಟವೆಲ್ ಹಾಕಿದ ಮುದುಕರು ಕೋಲೂರಿಕೊಂಡು ಬಂದರು. ಗಂಟೆ ನೋಡಿದರು, ನನ್ನ ಹೆಲ್ಮೆಟ್ ನೋಡಿದರು.

"ನಿಮ್ದು ಎಷ್ಟವೆ ಸ್ವಾಮಿ, ಮೇಕೆ?"

"ಒಂದೇ ತಾತ," ಅಂದೆ. "ಹಿಂದೆ ಇನ್ನೆರಡು ಬರ್ತಾ ಅವೆ."